ಎಂಟು ದಿನದ ಸೊನ್ನೆಗಳು

“ತಲೆನೋವು?”

“ಸೊನ್ನೆ.”

“ತಲೆಸುತ್ತು?”

“ಸೊನ್ನೆ.”

“ವಾಕರಿಕೆ?”

“ಅಮ್ಮಾ, ಎಲ್ಲಾ ಸೊನ್ನೆ. ಹಾಳೆಯಲ್ಲಿ ಬರ್ದಿದೀನಲ್ಲ, ನೋಡ್ಕೊ.”

ಮಗಳು ಕಾಲನ್ನು ಕುರ್ಚಿಯ ಮೇಲೆ ಎತ್ತಿಟ್ಟುಕೊಂಡು, ತಲೆ ಬಗ್ಗಿಸದೆ, ಬೂಟಿನ ಲೇಸು ಬಿಗಿಯುತ್ತಿದ್ದಳು. ಹತ್ತು ವರ್ಷದ ಹುಡುಗಿ. ಮನೆಯಲ್ಲಿ, ಬೀದಿಯಲ್ಲಿ, ಶಾಲೆಯಲ್ಲಿ ಎಲ್ಲರ ಬಾಯಲ್ಲೂ ಚೂಟಿ. ಗೋಲಿನ ಎರಡು ಕಂಬಗಳ ನಡುವೆ ನಿಂತಳೆಂದರೆ ಚೆಂಡು ಯಾವ ಕಡೆಯಿಂದ ಬಂದರೂ ಅದಕ್ಕಿಂತ ಮುಂಚೆ ಅಲ್ಲಿರುತ್ತಿದ್ದಳು, ಅದಕ್ಕೇ ಆ ಹೆಸರು. ಹತ್ತೊಂಬತ್ತು ದಿನದ ಹಿಂದೆ ಹಾಗೆಯೇ ಹಾರಿದಾಗ ಚೆಂಡಿಗಿಂತ ಮುಂಚೆ ಅವಳ ತಲೆ ಕಂಬಕ್ಕೆ ಬಡಿದಿತ್ತು.

ತಾಯಿ ಕಪಾಟಿನ ಬಾಗಿಲಿಗೆ ಅಂಟಿಸಿದ್ದ ಹಾಳೆಯನ್ನು ಬಿಡಿಸಿ ತಂದು ದೀಪದ ಕೆಳಗೆ ಹಿಡಿದಳು. ಅಡುಗೆಮನೆಯ ದೀಪ ಮಂಕು, ಬೆಳಗಿನ ಆರೂವರೆಗೆ ಅದೂ ಇನ್ನೂ ನಿದ್ದೆಗಣ್ಣಿನಲ್ಲಿದ್ದಂತಿತ್ತು. ಹಾಳೆಯಲ್ಲಿ ಅಡ್ಡಕ್ಕೆ ದಿನಗಳು, ಉದ್ದಕ್ಕೆ ಆರು ತೊಂದರೆಗಳು: ತಲೆನೋವು, ತಲೆಸುತ್ತು, ವಾಕರಿಕೆ, ಬೆಳಕು, ಸದ್ದು, ನಿದ್ದೆ. ಪ್ರತಿಯೊಂದಕ್ಕೂ ಹತ್ತರಲ್ಲಿ ಎಷ್ಟು ಎಂದು ಬರೆಯಬೇಕು. ಸೊನ್ನೆ ಎಂದರೆ ಏನೂ ಇಲ್ಲ, ಹತ್ತು ಎಂದರೆ ತಡೆಯಲಾಗದು. ಕೊನೆಯ ಎಂಟು ದಿನವೂ ಸೊನ್ನೆ, ಒಂದೂ ಮನೆ ಖಾಲಿ ಇಲ್ಲ. ನಲವತ್ತೆಂಟು ಸೊನ್ನೆಗಳನ್ನು ನೋಡಿ ತಾಯಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

“ದೇವರು ದೊಡ್ಡವನು,” ಎಂದಳು ಒಲೆಯ ಮುಂದಿದ್ದ ಅತ್ತೆ. “ಆದ್ರೂ ಈ ಹುಡುಗಿ ಬಚ್ಚಲಲ್ಲಿ ದೀಪಾನೇ ಹಾಕಲ್ಲ ನೋಡು. ಕತ್ತಲಲ್ಲೇ ಸ್ನಾನ ಮುಗಿಸ್ತಾಳೆ. ಇಂಥ ಜುಗ್ಗಿ ನಮ್ಮ ವಂಶದಲ್ಲಿ ಯಾರೂ ಹುಟ್ಟಿರಲಿಲ್ಲ.”

“ಅಜ್ಜಿ, ಸುಮ್ನಿರು,” ಎಂದಳು ಚೂಟಿ. ತಾಯಿ ನಕ್ಕಳು. ನಗುವುದಕ್ಕೆ ಅವಳು ಹತ್ತೊಂಬತ್ತು ದಿನದಿಂದ ಕಾಯುತ್ತಿದ್ದಳು.

ಆಸ್ಪತ್ರೆಯ ಡಾಕ್ಟರಮ್ಮ ಅವತ್ತು ಮಾತನ್ನು ತೂಗಿ ತೂಗಿ ಆಡಿದ್ದರು. “ಸ್ಕ್ಯಾನ್‌ನಲ್ಲಿ ಏನೂ ಕಾಣ್ತಿಲ್ಲ, ಅದು ಒಳ್ಳೇದು. ಆದ್ರೆ ಕಾಣದೇ ಇರೋ ಪೆಟ್ಟೂ ಪೆಟ್ಟೇ. ಮೆದುಳು ಅಲುಗಿದೆ. ಓದು, ಟೀವಿ, ಓಟ ಎಲ್ಲಾನೂ ಸ್ವಲ್ಪ ಸ್ವಲ್ಪವಾಗಿ ಶುರು ಮಾಡ್ಬೇಕು. ಇದು ಮಾಗೋಕೆ ಮುಂಚೆ ತಲೆಗೆ ಇನ್ನೊಂದು ಪೆಟ್ಟು ಬೀಳಕೂಡದು. ಬಿದ್ರೆ ಏನಾಗುತ್ತೆ ಅಂತ ನಾನು ಹೇಳೋಕಾಗಲ್ಲ. ಆಟಕ್ಕೆ ಕಳಿಸೋ ಮುಂಚೆ ನನಗೆ ತೋರಿಸಿ.” ತೋರಿಸುವ ದಿನ ಸೋಮವಾರಕ್ಕೆ ಬಿದ್ದಿತ್ತು. ಶಾಲೆಗಳ ನಡುವಿನ ಫೈನಲ್ ಪಂದ್ಯ ಇವತ್ತು, ಶುಕ್ರವಾರ, ಮಧ್ಯಾಹ್ನ ಎರಡೂವರೆಗೆ.

ಶಾಲೆಯ ಆಟದ ಮೇಷ್ಟ್ರು ಇದಕ್ಕೊಂದು ದಾರಿ ತೋರಿಸಿದ್ದರು. ವಾರವಿಡೀ ಸೊನ್ನೆ ಇದ್ದು ಮನೆಯವರು ಒಂದು ಚೀಟಿಗೆ ಸಹಿ ಹಾಕಿದರೆ ಸಾಕು, ತಮ್ಮ ಅಭ್ಯಂತರವೇನಿಲ್ಲ ಎಂದಿದ್ದರು. ಲಾರಿ ಓಡಿಸಿಕೊಂಡು ದೂರ ಹೋಗಿದ್ದ ಅಪ್ಪ ನಿನ್ನೆ ಫೋನಿನಲ್ಲಿ “ಚೂಟಿ ಆಡ್ತಾಳಾ?” ಎಂದು ಅದೊಂದನ್ನೇ ಮೂರು ಸಲ ಕೇಳಿದ್ದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ತಾಯಿ ಚೀಟಿಯ ಮೇಲೆ ‘ಮೊದಲರ್ಧ ಮಾತ್ರ’ ಎಂದು ಬರೆದು ಕೆಳಗೆ ಸಹಿ ಹಾಕಿದಳು. ಚೂಟಿ ಚೀಟಿಯನ್ನು ಕಸಿದುಕೊಂಡು ನಾಲ್ಕು ಮಡಿಕೆ ಮಾಡಿ ಕಾಲುಚೀಲದೊಳಗೆ ಸೇರಿಸಿದಳು. ಸೋಮವಾರ ಡಾಕ್ಟರಿಗೆ ಒಂದು ಪ್ರತಿ ಬೇಕಿದ್ದುದರಿಂದ ಹಾಳೆಯನ್ನು ತಾಯಿ ತನ್ನ ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡಳು. ಕಾರ್ಖಾನೆಯ ಆಫೀಸಿನಲ್ಲಿ ಜೆರಾಕ್ಸ್ ಯಂತ್ರವಿತ್ತು.

ಅವಳ ಕೆಲಸ ಗಾರ್ಮೆಂಟ್ಸಿನಲ್ಲಿ, ಕೊನೆಯ ಚೆಕಿಂಗ್ ಟೇಬಲ್ಲಿನಲ್ಲಿ. ಹೊಲಿದು ಮುಗಿದ ಅಂಗಿಗಳು ಅವಳ ಮುಂದೆ ಬರುತ್ತವೆ. ಕಾಲರು, ತೋಳು, ಗುಂಡಿ, ಒಳಮಗ್ಗುಲ ಹೊಲಿಗೆ, ಎಲ್ಲವನ್ನೂ ಬಿಳಿ ಟ್ಯೂಬ್‌ಲೈಟಿನ ಕೆಳಗೆ ಬೆರಳಾಡಿಸಿ ನೋಡಬೇಕು. ತಪ್ಪು ಕಂಡಲ್ಲಿ ಕೆಂಪು ಬಾಣದ ಸ್ಟಿಕರ್ ಒಂದನ್ನು ಅಂಟಿಸಬೇಕು. ಬಾಣ ಬಿದ್ದ ಅಂಗಿ ಪೆಟ್ಟಿಗೆಗೆ ಹೋಗದೆ ಆಲ್ಟರ್ ಟೇಬಲ್ಲಿಗೆ ಹೋಗುತ್ತದೆ, ಅಲ್ಲಿ ಬಿಚ್ಚಿ ಸರಿ ಮಾಡುತ್ತಾರೆ. ಸ್ಟಿಕರಿನ ಸುರುಳಿ ಸದಾ ಅವಳ ಏಪ್ರನ್ನಿನ ಜೇಬಿನಲ್ಲಿ. ಹದಿನಾಲ್ಕು ವರ್ಷದಿಂದ ಲೈನಿನ ಹುಡುಗಿಯರಿಗೆಲ್ಲ ಅವಳು ಬಾಣದಕ್ಕ. “ಬಾಣದಕ್ಕ ನಮ್ಮ ಮದುವೆಗೆ ಬಂದ್ರೆ ಗಂಡಿಗೂ ಒಂದು ಅಂಟಿಸಿಬಿಡ್ತಾಳೆ” ಎಂದು ಅವರು ಹಾಸ್ಯ ಮಾಡುತ್ತಾರೆ. “ಅಂಗಿಗೆ ನಾನು ಯಾವತ್ತೂ ಬೈದಿಲ್ಲ ಕಣ್ರೇ, ಬೈಯೋದು ಹೊಲಿದೋರಿಗೆ” ಎಂದು ಅವಳೂ ಬಿಟ್ಟುಕೊಡುವವಳಲ್ಲ.

ಪೆಟ್ಟು ಬಿದ್ದ ಮೊದಲ ಹನ್ನೊಂದು ದಿನ ಅವಳು ರಜೆ ಹಾಕಿ ಮನೆಯಲ್ಲೇ ಇದ್ದಳು. ಹಾಳೆ ಅವಳ ಕೈಯಲ್ಲೇ ಇತ್ತು. ಕಿಟಕಿಗೆ ಹಳೆಯ ಹೊದಿಕೆ ಕಟ್ಟಿದ್ದು, ಟೀವಿಯ ವೈರು ಕಿತ್ತಿಟ್ಟಿದ್ದು, ಹತ್ತು ನಿಮಿಷ ಓದು, ಇಪ್ಪತ್ತು ನಿಮಿಷ ಕಣ್ಣು ಮುಚ್ಚು ಎಂದು ಗಡಿಯಾರ ಹಿಡಿದು ಕೂತಿದ್ದು, ಎಲ್ಲವನ್ನೂ ಅವಳು ಟೇಬಲ್ಲಿನ ಕೆಲಸದಷ್ಟೇ ಅಚ್ಚುಕಟ್ಟಾಗಿ ಮಾಡಿದಳು. ಅಂಕಿಗಳ ವಿಷಯದಲ್ಲೂ ಅಷ್ಟೇ. ಮಗಳು ಐದು ಎಂದರೆ, “ನಿನ್ನೆ ಎರಡಿತ್ತಲ್ಲ, ಇವತ್ತು ಐದು ಹೆಂಗಾಗುತ್ತೆ? ಸರಿಯಾಗಿ ಯೋಚ್ನೆ ಮಾಡಿ ಹೇಳು” ಎನ್ನುತ್ತಿದ್ದಳು. ಅನುಮಾನ ಬಂದ ಅಂಕಿಯ ಪಕ್ಕ ಕೆಂಪು ಪೆನ್ಸಿಲಿನಲ್ಲಿ ಪ್ರಶ್ನೆ ಚಿಹ್ನೆ. ಹುಡುಗಿ ಸ್ವಲ್ಪ ಹೊತ್ತು ಗೋಡೆ ನೋಡಿ, “ಹಂಗಿದ್ರೆ ಮೂರು” ಎನ್ನುತ್ತಿದ್ದಳು. ಹನ್ನೊಂದನೆಯ ದಿನದ ಹೊತ್ತಿಗೆ ಎಲ್ಲವೂ ಒಂದಕ್ಕೆ ಇಳಿದಿತ್ತು.

ಮರುದಿನ ಚೂಟಿ ಶಾಲೆಗೂ ತಾಯಿ ಕಾರ್ಖಾನೆಗೂ ಹೋದರು. ಮೊದಲು ಎರಡು ಗಂಟೆ, ಆಮೇಲೆ ಅರ್ಧ ದಿನ, ಆಮೇಲೆ ಪೂರ್ತಿ ದಿನ ಎಂದು ಕ್ಲಾಸಿನ ಮಿಸ್ಸಿನ ಹತ್ತಿರ ಮಾತಾಗಿತ್ತು. ಮಿಸ್ ಕೆಟ್ಟವರೇನಲ್ಲ, ನಲವತ್ತಾರು ಮಕ್ಕಳನ್ನು ಹಿಡಿದು ಕೂರಿಸುವವರು. “ಹಣೆಗೆ ಒಂದು ಪಟ್ಟಿನಾದ್ರೂ ಇದ್ದಿದ್ರೆ ಮಿಕ್ಕ ಮಕ್ಕಳಿಗೆ ಅರ್ಥ ಆಗ್ತಿತ್ತು, ನೋಡಿ” ಎಂದಿದ್ದರು. ಕಾರ್ಖಾನೆಯಲ್ಲಿ ಓವರ್‌ಟೈಮ್ ಶುರುವಾಗಿತ್ತು. “ಹಾಳೆ ಇನ್ಮೇಲೆ ನೀನೇ ಬರಿ, ದೊಡ್ಡೋಳಾಗಿದೀಯ” ಎಂದು ತಾಯಿ ಪೆನ್ನನ್ನು ಮಗಳ ಕೈಗೆ ಕೊಟ್ಟಳು. ರಾತ್ರಿ ಬಂದು “ಬರ್ದೆಯಾ?” ಎಂದರೆ “ಬರ್ದೆ” ಎಂಬ ಉತ್ತರ ಸಿಗುತ್ತಿತ್ತು. ಕಪಾಟಿನ ತನಕ ಹೋಗಿ ನೋಡುವಷ್ಟು ತ್ರಾಣ ಅವಳ ಕಾಲಲ್ಲಿ ಉಳಿದಿರುತ್ತಿರಲಿಲ್ಲ.

ಒಂದು ಗಂಟೆಗೆ ಊಟದ ಬೆಲ್ ಆಯಿತು. ಜೆರಾಕ್ಸ್ ಮಾಡುವ ಹುಡುಗಿ ಊಟಕ್ಕೆ ಹೋಗಿದ್ದಳು. ಅವಳು ಬರುವವರೆಗೆ ಎಂದು ತಾಯಿ ಹಾಳೆಯನ್ನು ತನ್ನ ಟೇಬಲ್ಲಿನ ಮೇಲೆ ಹಾಸಿ, ಮಡಿಕೆಗಳನ್ನು ಅಂಗೈಯಲ್ಲಿ ನೀವಿದಳು. ಟೇಬಲ್ಲಿನ ಮೇಲೆ ಏನು ಬಿದ್ದರೂ ಅವಳ ಕಣ್ಣು ತಾನಾಗಿಯೇ ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಹರಿಯುತ್ತದೆ. ಈಗಲೂ ಹರಿಯಿತು, ಮೂರನೆಯ ಸಾಲಿನ ನಡುವೆ ನಿಂತಿತು.

ಮೊದಲ ಎರಡು ಸಾಲಿನ ಎಂಟೂ ಸೊನ್ನೆ ನೀಲಿ. ಮೂರನೆಯ ಸಾಲಿನಲ್ಲಿ, ವಾಕರಿಕೆಯ ಎದುರಿಗೆ, ಐದನೆಯ ದಿನದವರೆಗೆ ನೀಲಿ. ಆ ಐದನೆಯ ಸೊನ್ನೆ ಅರ್ಧ ಮೂಡಿ, ಅರ್ಧ ಬರೀ ಗೀರಾಗಿತ್ತು. ಪೆನ್ನಿನ ಶಾಯಿ ಅಲ್ಲಿ ಮುಗಿದಿತ್ತು. ಆರನೆಯ ದಿನದಿಂದ ಕಪ್ಪು. ಅಲ್ಲಿಂದ ಕೆಳಗಿನ ಮೂರು ಸಾಲೂ, ಮೊದಲ ದಿನದಿಂದ ಕೊನೆಯ ದಿನದವರೆಗೂ, ಕಪ್ಪು.

ದಿನಕ್ಕೊಮ್ಮೆ ಬರೆಯುವವರು ಮೇಲಿಂದ ಕೆಳಕ್ಕೆ ಬರೆಯುತ್ತಾರೆ. ಪೆನ್ನು ಮುಗಿದರೆ ಒಂದು ದಿನದ ನಂತರದ ದಿನಗಳೆಲ್ಲ ಬೇರೆ ಬಣ್ಣವಾಗಬೇಕು. ಎಡದಿಂದ ಬಲಕ್ಕೆ ಸಾಲು ಸಾಲಾಗಿ ಬರೆಯುವವರು ಯಾರು ಎಂದು ಅವಳಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಾರ್ಖಾನೆಯಲ್ಲಿ ಗಂಟೆಗೊಮ್ಮೆ ತುಂಬಬೇಕಾದ ಹಾಳೆಯಿದೆ. ಸಂಜೆ ಒಂದೇ ಸಲ ಕೂತು ಇಡೀ ದಿನದ್ದನ್ನು ತುಂಬಿದ್ದ ನಾಲ್ಕನೇ ಲೈನಿನ ಹುಡುಗಿಯನ್ನು ಹೋದ ತಿಂಗಳು ಹಿಡಿದುಕೊಟ್ಟವಳು ಇದೇ ಬಾಣದಕ್ಕ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣ ಎಣಿಸುವವರ ಬಗ್ಗೆ ಅವತ್ತು ಆ ಹುಡುಗಿ ಅಳುತ್ತಲೇ ಏನೋ ಅಂದಿದ್ದಳು.

ಇರಲಿ, ಸೋಮಾರಿತನ ಇರಬಹುದು ಎಂದು ಮನಸ್ಸು ಮೊದಲು ಸಮಾಧಾನ ಹೇಳಿತು. ಮಕ್ಕಳು ಮರೆಯುತ್ತವೆ. ನಿಜವಾಗಿಯೂ ಎಲ್ಲ ಸೊನ್ನೆಯೇ ಇದ್ದು, ಬರೆಯುವುದನ್ನು ಮಾತ್ರ ನಿನ್ನೆ ರಾತ್ರಿ ಒಟ್ಟಿಗೆ ಬರೆದಿರಬಹುದು. ಹಾಗೆಂದುಕೊಳ್ಳುತ್ತಲೇ ಅವಳು ಲಾಕರಿನಿಂದ ಫೋನು ತೆಗೆದು ಮನೆಗೆ ಮಾಡಿದಳು.

“ಅತ್ತೆ, ಬಚ್ಚಲಲ್ಲಿ ದೀಪ ಹಾಕಲ್ಲ ಅಂದ್ರಲ್ಲ, ಯಾವತ್ತಿಂದ?”

“ಯಾವತ್ತಿಂದ ಅಂದ್ರೆ? ಬಿದ್ದಾಗಿಂದಾನೂ ಹಂಗೇ. ಊಟಕ್ಕೂ ಕಿಟಕಿಗೆ ಬೆನ್ನು ಹಾಕ್ಕೊಂಡೇ ಕೂರ್ತಾಳೆ. ಶಾಲೆಯಿಂದ ಬಂದೋಳು ಸೀದಾ ಮಂಚದ ಕೆಳಗೆ ತೂರ್ಕೋತಾಳೆ. ಗುಹೆ ಆಟ ಅಂತೆ. ಯಾಕೇ? ಏನಾಯ್ತು?”

“ನನಗ್ಯಾಕೆ ಹೇಳ್ಲಿಲ್ಲ ಅತ್ತೆ?”

“ನೀನು ಎಲ್ಲಿ ಸಿಕ್ತೀಯ ಹೇಳೋಕೆ?” ಎಂದಳು ಅತ್ತೆ. ಅದರಲ್ಲಿ ಕೊಂಕು ಇರಲಿಲ್ಲ, ಇದ್ದ ಮಾತು.

ಒಂದೂ ಕಾಲು. ಶಾಲೆಗೆ ಫೋನು ಮಾಡಿದರೆ ಮೂರನೆಯ ಸಲಕ್ಕೆ ಗುಮಾಸ್ತ ಎತ್ತಿಕೊಂಡ. ಎಲ್ಲರೂ ಮೈದಾನದ ಕಡೆ ಹೋಗಿದ್ದಾರೆ, ಮೇಷ್ಟ್ರು ಫೋನು ಹಿಡಿದುಕೊಂಡು ಓಡಾಡುವುದಿಲ್ಲ, ಯಾರ ಕೈಯಲ್ಲಾದರೂ ಹೇಳಿ ಕಳಿಸುತ್ತೇನೆ ಎಂದ. ಹೇಳಿ ಕಳಿಸಿದ ಮಾತು ದಾರಿಯಲ್ಲಿ ಎಲ್ಲೆಲ್ಲಿ ಕೂತು ದಣಿವಾರಿಸಿಕೊಳ್ಳುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅವಳು ಸೂಪರ್‌ವೈಸರನ ಬಳಿಗೆ ನಡೆದಳು.

ಸೂಪರ್‌ವೈಸರ್ ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಡಬ್ಬಿಯ ಮುಚ್ಚಳ ಆಗಷ್ಟೇ ತೆಗೆದಿದ್ದ. ಗೇಟ್‌ಪಾಸ್ ಎಂಬ ಮಾತು ಕೇಳಿದ್ದೇ ಅವನ ಕೈ ತಲೆಯ ಮೇಲೆ ಹೋಯಿತು.

“ಅಕ್ಕಾ, ಇವತ್ತು ಸಂಜೆ ಕಂಟೇನರ್ ಬರುತ್ತೆ. ಆರುನೂರು ಪೀಸ್ ನಿಮ್ಮ ಕಣ್ಣಿಗೆ ಬೀಳಬೇಕು. ಮೂರು ಗಂಟೆ ತನಕ ತಡ್ಕೊಳ್ಳಿ, ಆಮೇಲೆ ಹೋಗಿ.”

“ಮೂರು ಗಂಟೆಗೆ ಅರ್ಧ ಆಟ ಮುಗಿದೇ ಹೋಗಿರುತ್ತೆ.”

“ಆಟಕ್ಕೆಲ್ಲ ಪಾಸ್ ಕೊಟ್ರೆ ನಾಳೆ ನನ್ನನ್ನೇ ಗೇಟಿಂದ ಆಚೆ ಹಾಕ್ತಾರೆ.”

ಅವಳು ಹಾಳೆಯನ್ನು ಅವನ ಡಬ್ಬಿಯ ಪಕ್ಕ ಇಟ್ಟಳು. ಮೂರನೆಯ ಸಾಲಿನ ಮೇಲೆ ಬೆರಳಿಟ್ಟಳು. ಅವನೂ ಹಾಳೆಗಳ ನಡುವೆ ಬೆಳೆದವನು, ಓದುವುದಕ್ಕೆ ಬಹಳ ಹೊತ್ತು ಬೇಕಾಗಲಿಲ್ಲ.

“ಒಂದೇ ಸಲ ಬರ್ದಿದಾರೆ,” ಎಂದ. “ಯಾವ ಲೈನು?”

“ನನ್ನ ಮಗಳು. ಇದನ್ನ ನೋಡಿ ಬೆಳಿಗ್ಗೆ ಪಾಸ್ ಮಾಡಿದೋಳು ನಾನು. ಪೆಟ್ಟಿಗೆಗೆ ಹೋಗೋಕೆ ಮುಂಚೆ ವಾಪಸ್ ತರ್ಬೇಕು, ತಮ್ಮಾ.”

ಅವನು ತುತ್ತನ್ನು ಡಬ್ಬಿಗೇ ಹಾಕಿ, ಕೈ ಒರೆಸಿಕೊಂಡು, ಪಾಸಿನ ಪುಸ್ತಕ ಹುಡುಕಿದ. “ಕಂಟೇನರ್‌ಗೆ ಏನು ಹೇಳ್ಲಿ ನಾನು?” ಎಂದು ಗೊಣಗುತ್ತಲೇ ಸಹಿ ಹಾಕಿದ.

ಏಪ್ರನ್ ಬಿಚ್ಚಲು ಮರೆತಿದ್ದು ಬಸ್ಸು ಹತ್ತಿದ ಮೇಲೆ ನೆನಪಾಯಿತು. ಬಸ್ಸು ಎರಡು ಸ್ಟಾಪ್ ಸರಾಗವಾಗಿ ಹೋಗಿ ಮೂರನೆಯದಕ್ಕೆ ಮುಂಚೆ ನಿಂತಿತು. ಪೈಪ್ ಹಾಕುವವರು ರಸ್ತೆ ಅಗೆದಿದ್ದರು. ಒಂದು ಬದಿಯ ಗಾಡಿಗಳು ಹೋದ ಮೇಲೆ ಇನ್ನೊಂದು ಬದಿಯವು ಹೋಗಬೇಕು. ಎರಡು ಗಂಟೆ ಹತ್ತು ನಿಮಿಷ. ಎರಡು ಗಂಟೆ ಇಪ್ಪತ್ತು. ಮುಂದಿನ ಸೀಟಿನಲ್ಲಿ ಒಬ್ಬ ಮುದುಕ ಕಿಟಕಿಯಿಂದ ಇಣುಕಿ, ಅಗೆಯುವವರಿಗೆ ಅಗೆಯುವುದು ಹೇಗೆಂದು ಹೇಳಿಕೊಡುತ್ತಿದ್ದ. ಅವಳ ಕಣ್ಣ ಮುಂದೆ ಚೆಂಡೂ ಇರಲಿಲ್ಲ, ಮೈದಾನವೂ ಇರಲಿಲ್ಲ. ಏನಾಗುತ್ತೆ ಅಂತ ನಾನು ಹೇಳೋಕಾಗಲ್ಲ ಎಂದ ಡಾಕ್ಟರಮ್ಮನ ಬಾಯಿ ಮಾತ್ರ ಇತ್ತು. ಅವಳು ಇಳಿದು ನಡೆಯತೊಡಗಿದಳು. ಮೊದಲ ತಿರುವಿನ ನಂತರ ನಡಿಗೆ ಓಟವಾಯಿತು. ನಲವತ್ತರ ಹೆಂಗಸು, ಕಾರ್ಖಾನೆಯ ಏಪ್ರನ್ನಿನಲ್ಲಿ, ಊಟದ ಡಬ್ಬಿ ಸೊಂಟಕ್ಕೆ ಬಡಿಯುತ್ತ ನಡುರಸ್ತೆಯಲ್ಲಿ ಓಡುತ್ತಿದ್ದರೆ ಜನ ನಿಂತು ನೋಡುತ್ತಾರೆ. ನೋಡಿದರು.

ಅವಳು ಮೈದಾನ ತಲುಪಿದಾಗ ಮೊದಲರ್ಧ ಮುಗಿಯಲು ಐದು ನಿಮಿಷವಿತ್ತು. ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು. ಮಕ್ಕಳ ಕೂಗು, ಪೀಪಿ, ತಗಡಿನ ಡಬ್ಬ ಬಡಿಯುವ ಸದ್ದು. ಆಚೆ ತುದಿಯ ಗೋಲಿನಲ್ಲಿ ಚೂಟಿ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ನಿಂತಿದ್ದಳು. ತಾಯಿ ಗೆರೆಯ ಆಚೆಯಿಂದಲೇ ಸುತ್ತಿಕೊಂಡು ಅತ್ತ ಹೋದಳು. ಹತ್ತಿರ ಬಂದಂತೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಹುಡುಗಿ ಕ್ಷಣ ಕ್ಷಣಕ್ಕೂ ಹಿಂದೆ ಕೈ ಚಾಚಿ ಕಂಬವನ್ನು ಮುಟ್ಟಿ ನೋಡುತ್ತಿದ್ದಳು. ಕಂಬ ಅಲ್ಲೇ ಇದೆ ಎಂದು ಖಾತ್ರಿಯಾದ ಮೇಲೆ ಎರಡು ಹೆಜ್ಜೆ ಮುಂದೆ, ಮತ್ತೆ ಕೈ ಹಿಂದೆ. ಕತ್ತಲ ಕೋಣೆಯಲ್ಲಿ ನಡೆಯುವವರು ಹಾಗೆ ಮಾಡುತ್ತಾರೆ.

ಅವಳು ಗೋಲಿನ ಹಿಂದೆ, ಬಲೆಯ ಇತ್ತ ನಿಂತಳು.

“ಚೂಟಿ.”

ಮಗಳ ಬೆನ್ನು ಸೆಟೆಯಿತು. ತಿರುಗಲಿಲ್ಲ. “ಯಾಕೆ ಬಂದೆ?”

“ಆಚೆ ಬಾ.”

“ಇನ್ನೈದು ನಿಮಿಷ ಅಷ್ಟೇ. ಅರ್ಧ ಆಟ ಅಂತ ನೀನೇ ಬರ್ದಿದೀಯ.”

“ಹಾಳೇನ ಒಂದೇ ದಿನ ಕೂತು ಬರ್ದಿದೀಯ.”

ಎದುರು ತಂಡದ ಹುಡುಗಿಯೊಬ್ಬಳು ಚೆಂಡನ್ನು ಮೂಲೆಗೆ ಒಯ್ದು, ಬಗ್ಗಿ, ಗೆರೆಯ ಮೇಲೆ ಕೂರಿಸುತ್ತಿದ್ದಳು. ಗೋಲಿನ ಮುಂದೆ ಎರಡೂ ತಂಡದವರು ಮೊಣಕೈ ತಿವಿದಾಡುತ್ತ ಗುಂಪುಗೂಡಿದರು.

“ನಿನ್ನೆ ಬರ್ದೆ,” ಎಂದಳು ಚೂಟಿ. “ಅದಕ್ಕೇನೀಗ?”

“ಅಲ್ಲಿ ಎಷ್ಟು ಚೆಂಡು ಕಾಣ್ತಿದೆ ನಿಂಗೆ?”

ಹುಡುಗಿಯ ಕೈ ಮತ್ತೊಮ್ಮೆ ಹಿಂದೆ ಬಂದು ಕಂಬವನ್ನು ಹುಡುಕಿತು.

ಐದು ನಿಮಿಷ. ಒಂದು ಚೆಂಡು, ಹೆಚ್ಚೆಂದರೆ ಎರಡು. ಸುಮ್ಮನಿದ್ದುಬಿಟ್ಟರೆ ಅರ್ಧ ಆಟ ತಾನಾಗಿ ಮುಗಿಯುತ್ತದೆ, ಯಾರ ಮುಖಕ್ಕೂ ಹೊಡೆದಂತಾಗುವುದಿಲ್ಲ, ಮಗಳು ಜನ್ಮವಿಡೀ ಇದನ್ನು ನೆನೆಸಿಕೊಂಡು ಹಲ್ಲು ಕಡಿಯುವುದಿಲ್ಲ. ಇಷ್ಟನ್ನೂ ಅವಳು ಯೋಚಿಸಿದಳು, ಯೋಚಿಸಿದ್ದಕ್ಕೆ ಆಮೇಲೆ ಬಹಳ ದಿನ ತನ್ನನ್ನು ತಾನೇ ಬೈದುಕೊಂಡಳು. ಮೂಲೆಯ ಹುಡುಗಿ ಒದೆಯಲು ನಾಲ್ಕು ಹೆಜ್ಜೆ ಹಿಂದೆ ಸರಿದಳು. ತಾಯಿ ಬಲೆಯ ಅಂಚನ್ನು ಎತ್ತಿ ಒಳಗೆ ನುಗ್ಗಿದಳು.

ಏಪ್ರನ್ನಿನ ಗುಂಡಿ ಬಲೆಗೆ ಸಿಕ್ಕಿಕೊಂಡಿತು. ಅವಳು ಎಳೆದಳು, ಬಲೆಯೂ ಜೊತೆಗೆ ಬಂತು. ಬಲೆಯನ್ನು ಹೆಗಲ ಮೇಲೆ ಹೊದ್ದುಕೊಂಡೇ ಮಗಳ ಮುಂದೆ ಹೋಗಿ ನಿಂತಳು. ಮೈದಾನದ ಸುತ್ತ ಎಲ್ಲರೂ ಒಟ್ಟಿಗೆ ನಕ್ಕರು. ಸೀಟಿ ಚೀರಿತು.

“ಏನಮ್ಮಾ ಇದು? ಆಟ ನಡೀತಿದೆ!” ಆಟದ ಮೇಷ್ಟ್ರು ಓಡಿ ಬಂದರು. ಬೆವರಿನಲ್ಲಿ ಅವರ ಅಂಗಿ ಬೆನ್ನಿಗೆ ಅಂಟಿತ್ತು. “ಫೈನಲ್ ರೀ. ಯಾರ್ರೀ ನೀವು, ಓ, ನೀವಾ?”

“ಇವಳನ್ನ ಆಚೆ ಕರ್ಕೊಂಡು ಹೋಗ್ತೀನಿ, ಸಾರ್.”

“ನೀವೇ ಸಹಿ ಹಾಕಿ ಕಳ್ಸಿದೀರಲ್ಲ! ಚೀಟಿ ನನ್ನ ಜೇಬಲ್ಲೇ ಇದೆ.”

“ಕೊಡಿ ಇಲ್ಲಿ.”

ಅವರು ಕೊಟ್ಟರು. ಅವಳು ಮೇಷ್ಟ್ರ ಕಿವಿಯ ಮೇಲಿದ್ದ ಪೆನ್ನನ್ನೇ ಕೇಳಿ ತೆಗೆದುಕೊಂಡು, ಅಂಗೈ ಮೇಲೆ ಚೀಟಿ ಇಟ್ಟು, ತನ್ನ ಸಹಿಯ ಮೇಲೆ ಎರಡು ಗೆರೆ ಎಳೆದಳು.

“ಸಹಿ ಹಾಕಿದ್ದು ನಾನೇ. ತಪ್ಪು ಹಾಕಿದೆ. ಮಗೂಗೆ ಏನೂ ಅನ್ಬೇಡಿ.”

ಮೇಷ್ಟ್ರು ಚೂಟಿಯ ಮುಖ ನೋಡಿದರು. ಟೋಪಿಯ ಕೆಳಗೆ ಅದು ಬಿಳಿಚಿಕೊಂಡಿತ್ತು, ಕಣ್ಣು ಅರ್ಧ ಮುಚ್ಚಿತ್ತು. ಅವರು ಬದಲಿ ಗೋಲ್‌ಕೀಪರ್ ಹುಡುಗಿಯನ್ನು ಕೂಗಿದರು. ಆ ಹುಡುಗಿ ಕೈಗವಸಿಗಾಗಿ ಕೈ ಚಾಚಿದಾಗ ಚೂಟಿ ಅವನ್ನು ಕಿತ್ತು ತಾಯಿಯ ಕಾಲ ಬುಡಕ್ಕೆ ಎಸೆದು ನಡೆದುಬಿಟ್ಟಳು. ತಾಯಿಯೇ ಬಗ್ಗಿ, ಧೂಳು ಕೊಡವಿ, ಕೈಗವಸನ್ನು ಆ ಹುಡುಗಿಗೆ ಕೊಟ್ಟಳು.

ಆಟದ ಸಾಮಾನಿಡುವ ಕೋಣೆ ಮೈದಾನದ ಅಂಚಿನಲ್ಲೇ ಇತ್ತು. ಚೂಟಿ ಅದರೊಳಗೆ ಹೊಕ್ಕಿದ್ದಳು. ಕಿಟಕಿಯಿಲ್ಲದ ಕೋಣೆ, ರಬ್ಬರು ಮತ್ತು ಹಳೆಯ ಹುಲ್ಲುಚಾಪೆಯ ವಾಸನೆ. ಗಾಳಿ ಹೋದ ಚೆಂಡುಗಳ ಚೀಲಕ್ಕೆ ಒರಗಿ ಹುಡುಗಿ ಮೊಣಕಾಲಿನ ನಡುವೆ ಮುಖ ಹುದುಗಿಸಿದ್ದಳು. ತಾಯಿ ಸ್ವಿಚ್ಚಿನ ಕಡೆ ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡು ಬಾಗಿಲನ್ನು ಓರೆಯಾಗಿ ಮುಚ್ಚಿ ಪಕ್ಕದಲ್ಲಿ ಕೂತಳು.

“ನಿನ್ನ ಹತ್ರ ಮಾತಾಡಲ್ಲ.”

“ಆಯ್ತು.”

“ಎಲ್ಲರೂ ನಕ್ಕರು. ಬಲೆ ಹೊದ್ಕೊಂಡು ಬಂದೆ, ಹುಚ್ಚಿ ಥರ.”

“ಹೂಂ. ಬಂದೆ.” ತಾಯಿಯ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. “ಆದ್ರೂ ಸುಳ್ಳು ಯಾಕೆ ಬರ್ದೆ ಚೂಟಿ? ನಿಜ ಬರೆಯೋಕೆ ಏನಾಗಿತ್ತು?”

ಮಗಳು ತಲೆ ಎತ್ತಿದಳು.

“ನಿಜಾನೇ ಹೇಳಿದ್ನಲ್ಲ ಮೊದ್ಲು! ಐದು ಅಂದೆ. ನಿನ್ನೆ ಎರಡಿತ್ತಲ್ಲ ಅಂದೆ ನೀನು. ಏಳು ಅಂದೆ. ಸರಿಯಾಗಿ ಯೋಚ್ನೆ ಮಾಡು ಅಂದೆ. ಕೆಂಪು ಪೆನ್ಸಿಲ್ ತಗೊಂಡೆ. ಎಷ್ಟು ಹೇಳಿದ್ರೂ ತಪ್ಪೇ. ಮಿಸ್ಸಿಗೆ ಬೋರ್ಡಿನ ಮೇಲೆ ಅಕ್ಷರ ಕುಣೀತಿದೆ ಅಂದೆ. ಸ್ಕ್ಯಾನ್ ಮಾಡಿಸಿದಾರಲ್ಲ, ನಿನ್ನ ತಲೇಲಿ ಏನೂ ಇಲ್ವಂತೆ ಅಂದ್ರು. ಎಲ್ಲರೂ ನಕ್ಕರು. ಅವತ್ತೂ ನಕ್ಕರು.” ಅವಳು ಅಂಗೈಯಿಂದ ಮೂಗು ಒರೆಸಿಕೊಂಡಳು. “ಸೊನ್ನೆ ಅಂದಾಗ ಮಾತ್ರ ಯಾರೂ ಏನೂ ಕೇಳಲಿಲ್ಲ. ನೀನೂ ಕೇಳಲಿಲ್ಲ.”

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆಯನ್ನು ಅವಳು ಜೀವಮಾನದಲ್ಲಿ ನೂರು ಸಲ ಆಡಿದ್ದಳು, ಯಾವಾಗಲೂ ಒದೆಸಿಕೊಂಡವರ ಕಡೆ ನಿಂತು. ಒದ್ದ ಕಾಲು ತನ್ನದು ಎಂದು ಇವತ್ತು ಮೊದಲ ಸಲ ಗೊತ್ತಾಯಿತು. ತಪ್ಪಾಯ್ತು ಎನ್ನಬೇಕೆಂದುಕೊಂಡಳು, ಬಾಯಿ ಬರಲಿಲ್ಲ. ಎಷ್ಟು ನೋವಿದೆ ಎಂದು ಕೇಳಬೇಕೆಂದುಕೊಂಡಳು, ಆ ‘ಎಷ್ಟು’ ಎಂಬ ಮಾತೇ ನಾಲಿಗೆಯ ಮೇಲೆ ಹೊರಳಲಿಲ್ಲ.

ಹೊರಗೆ ಸೀಟಿ ಕೂಗಿತು. ಹಿಂದೆಯೇ ಆಚೆ ಕಡೆಯ ಮಕ್ಕಳ ಹೋ ಎಂಬ ಗದ್ದಲ, ಡಬ್ಬದ ಸದ್ದು. ಚೂಟಿ ಎರಡೂ ಕಿವಿ ಮುಚ್ಚಿಕೊಂಡಳು.

“ನಮ್ ಮೇಲೆ ಗೋಲು,” ಎಂದಳು.

ತಾಯಿ ಏಪ್ರನ್ನಿನ ಜೇಬಿಗೆ ಕೈ ಹಾಕಿದಳು. ಸುರುಳಿ ಅಲ್ಲೇ ಇತ್ತು. ಕತ್ತಲಲ್ಲೂ ಅಂಚು ಎಲ್ಲಿದೆ ಎಂದು ಅವಳ ಉಗುರಿಗೆ ಗೊತ್ತು. ಒಂದು ಬಾಣ ಬಿಡಿಸಿ, ಬೆರಳ ತುದಿಗೆ ಅಂಟಿಸಿಕೊಂಡು, ಮಗಳ ಮುಂದೆ ಹಿಡಿದಳು.

“ಎಲ್ಲಿ?” ಎಂದಳು. “ಅಷ್ಟೇ. ಬೇರೆ ಏನೂ ಕೇಳಲ್ಲ.”

ಚೂಟಿ ಬಾಣವನ್ನೇ ನೋಡುತ್ತ ಬಹಳ ಹೊತ್ತು ಕೂತಳು. ತಾಯಿ ಬೆರಳನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಹುಡುಗಿ ಕೊನೆಗೆ ಟೋಪಿ ತೆಗೆದು ಪಕ್ಕಕ್ಕಿಟ್ಟು, ಬಾಣವನ್ನು ತೆಗೆದುಕೊಂಡು, ಬಲಗಿವಿಯ ಮೇಲೆ, ಕಂಬ ಬಡಿದಿದ್ದ ಜಾಗದಲ್ಲಿ ಅಂಟಿಸಿಕೊಂಡಳು. ಕೂದಲಿಗೆ ಸರಿಯಾಗಿ ಹತ್ತಲಿಲ್ಲ, ಅಂಗೈಯಿಂದ ಒತ್ತಿದಳು. ಆಮೇಲೆ ಕೈ ಚಾಚಿದಳು.

ತಾಯಿ ಇನ್ನೊಂದು ಬಿಡಿಸಿಕೊಟ್ಟಳು. ಅದು ಎರಡು ಹುಬ್ಬಿನ ನಡುವೆ ಹೋಯಿತು. ಮೂರನೆಯದು ಬಲಗಣ್ಣಿನ ಮಗ್ಗುಲಿಗೆ, ನಾಲ್ಕನೆಯದು ಎಡಗಣ್ಣಿನ ಮಗ್ಗುಲಿಗೆ. ಐದನೆಯದು ಹೊಟ್ಟೆಯ ಮೇಲೆ, ಆಟದ ಅಂಗಿಯ ನಂಬರಿನ ಕೆಳಗೆ. ಪ್ರತಿಯೊಂದಾದ ಮೇಲೂ ಹುಡುಗಿ ತಾಯಿಯ ಮುಖ ನೋಡುತ್ತಿದ್ದಳು. ತಾಯಿ ಮುಂದಿನದನ್ನು ಬಿಡಿಸುತ್ತಿದ್ದಳು.

ಆರನೆಯದನ್ನು ಹಿಡಿದುಕೊಂಡು ಚೂಟಿ ಕತ್ತಿನ ಹಿಂದೆ ಕೈ ಹಾಕಿದಳು, ತಡಕಾಡಿದಳು. ಜಡೆ ಅಡ್ಡ ಬಂತು. ಅವಳು ಚಾಪೆಯ ಮೇಲೆ ಕೂತಲ್ಲೇ ಹೊರಳಿ, ತಾಯಿಗೆ ಬೆನ್ನು ಕೊಟ್ಟು, ಜಡೆಯನ್ನು ಎರಡೂ ಕೈಯಲ್ಲಿ ಮೇಲಕ್ಕೆತ್ತಿದಳು.

“ಇಲ್ಲೂ,” ಎಂದಳು. “ನೀನೇ ಹಚ್ಚು.”